ವೈರ್ ಮಾವನ ಕುದುರೆ

ಸೊಸೆ ಆ ಮನೆಗೆ ಬಂದ ಮೊದಲ ವಾರದಲ್ಲೇ ಬಹುಮಾನದ ಕಪ್ಪಿನ ಕಥೆಯನ್ನು ಎರಡು ಸಲ ಕೇಳಿದಳು. ಒಂದು ಸಲ ಅತ್ತೆಯ ಬಾಯಿಂದ, ಇನ್ನೊಂದು ಸಲ ಅತ್ತೆಯ ತಮ್ಮನ ಬಾಯಿಂದ. ಕಪ್ಪು ಒಂದೇ, ಕಥೆ ಮಾತ್ರ ಬೇರೆ ಬೇರೆ.

ಅತ್ತೆ ಹೇಳಿದ ಪ್ರಕಾರ, ಎಷ್ಟೋ ವರ್ಷಗಳ ಹಿಂದೆ ಅವರಿರುವ ಇದೇ ವಸತಿ ಕಟ್ಟಡದ ವಾರ್ಷಿಕೋತ್ಸವದಲ್ಲಿ ಚೆಸ್ ಪಂದ್ಯ ನಡೆದಿತ್ತು. ಫೈನಲ್ಲಿಗೆ ಬಂದವರು ಅಕ್ಕ ಮತ್ತು ತಮ್ಮ. ಅಕ್ಕ ತಲೆ ಓಡಿಸಿ ಗೆದ್ದರು, ಗಾಜಿನ ಬೀರುವಿಗೆ ಕಪ್ಪು ಸೇರಿತು, ಅಲ್ಲಿಗೆ ಮುಗಿಯಿತು. ತಮ್ಮ ಹೇಳಿದ ಪ್ರಕಾರ, ಆಟದ ನಡುವೆ ಅವರದೊಂದು ಕುದುರೆ ಮಾಯವಾಗಿತ್ತು. ಎದುರಾಳಿ ಹೊಡೆದದ್ದಲ್ಲ, ಮಾಯ.

“ನಿಜವಾದ ಕುದುರೆ ಹಗ್ಗ ಬಿಚ್ಕೊಂಡು ಓಡಿಹೋಯ್ತು ಅಂದ್ರೆ ನಂಬಬಹುದಮ್ಮ,” ಎಂದು ಅವರು ಸೊಸೆಗೆ ಹೇಳಿದ್ದರು. “ಮರದ ಕುದುರೆ ಎಲ್ಲಿಗೆ ಹೋಗುತ್ತೆ? ನೀನೇ ಹೇಳು.”

ಅತ್ತೆ ಲೆಕ್ಕದ ಟೀಚರಾಗಿ ನಿವೃತ್ತರಾದವರು. ಪರೀಕ್ಷೆಯಲ್ಲಿ ನಕಲು ಮಾಡುವವರನ್ನು ಬೆನ್ನು ತಿರುಗಿಸಿ ನಿಂತೇ ಹಿಡಿಯುತ್ತಿದ್ದರೆಂದು ಹೆಸರು. ಅವರ ಹಳೆಯ ವಿದ್ಯಾರ್ಥಿಗಳು, ಈಗ ಸ್ವತಃ ತಲೆ ನರೆತವರು, ಬೀದಿಯಲ್ಲಿ ಅವರನ್ನು ಕಂಡರೆ ಜೇಬಿನಿಂದ ಕೈ ತೆಗೆದು ನೆಟ್ಟಗೆ ನಿಲ್ಲುತ್ತಿದ್ದರು. ತಮ್ಮ ಟೆಲಿಫೋನ್ ಲೈನ್‌ಮನ್ ಆಗಿದ್ದವರು. ಮದುವೆಯ ಗೋಜಿಗೆ ಹೋಗದೆ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿದ್ದರು. ಮಲಗುವುದು ಮೇಲೆ, ಊಟ ಮತ್ತು ಜಗಳ ಕೆಳಗೆ ಅಕ್ಕನ ಮನೆಯಲ್ಲಿ. ತಂತಿ ಇರುವ ಯಾವ ವಸ್ತುವಾದರೂ ತಮ್ಮ ಸರಹದ್ದಿಗೆ ಸೇರಿದ್ದೆಂದು ಅವರ ನಂಬಿಕೆ. ಯಾರ ಮನೆಯ ಇಸ್ತ್ರಿಪೆಟ್ಟಿಗೆ ಕೆಟ್ಟರೂ ಕರೆಯದೆಯೇ ಬರುತ್ತಿದ್ದರು. ಹಾಗಾಗಿ ಇಡೀ ಕಟ್ಟಡಕ್ಕೆ ಅವರು ವೈರ್ ಮಾವ.

ಜಗಳ ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಒಂದೇ ಜಾಗದಲ್ಲಿ.

“ಆವತ್ತು ವಿಡಿಯೊ ಮಾಡಿದ್ರಲ್ಲ, ಅದೊಂದು ಸಿಗಲಿ. ಹಾಲೆಷ್ಟು ನೀರೆಷ್ಟು ಅಂತ ಗೊತ್ತಾಗುತ್ತೆ,” ಎನ್ನುತ್ತಿದ್ದರು ವೈರ್ ಮಾವ.

“ಸಿಗಲಿ, ನಾನೇ ಎಲ್ಲರನ್ನೂ ಕೂರಿಸಿ ತೋರಿಸ್ತೀನಿ. ನನಗೇನು ಭಯ?” ಎನ್ನುತ್ತಿದ್ದರು ಅತ್ತೆ.

ವಿಡಿಯೊ ಮಾಡಿದವನು ಅಂಗಡಿ ಮುಚ್ಚಿ ಎಲ್ಲಿಗೋ ಹೋಗಿ ಬಹಳ ಕಾಲವಾಗಿತ್ತು. ಆದ್ದರಿಂದ ಇಬ್ಬರ ಧೈರ್ಯಕ್ಕೂ ಕೊರತೆ ಇರಲಿಲ್ಲ. ಆ ಪಂದ್ಯಕ್ಕೆ ತೀರ್ಪುಗಾರರಾಗಿ ಕೂತಿದ್ದವರು ಅತ್ತೆಯ ಗಂಡ. ಅವರು ತೀರಿಕೊಂಡು ವರ್ಷಗಳಾಗಿದ್ದವು. ಸೊಸೆ ಅವರನ್ನು ಗೋಡೆಯ ಮೇಲಿನ ಫೋಟೋದಲ್ಲಿ ಮಾತ್ರ ನೋಡಿದ್ದಳು. ಮೀಸೆ ತಿದ್ದಿಕೊಂಡು, ನಗು ತಡೆದುಕೊಂಡಂಥ ಮುಖ.

ಇನ್ನು ಸೊಸೆಯ ಗಂಡ ಲಿಫ್ಟ್ ರಿಪೇರಿ ಮಾಡುವವನು. ಮೇಲಕ್ಕೂ ಸೈ, ಕೆಳಕ್ಕೂ ಸೈ. ಅಮ್ಮ ಹೇಳಿದರೂ “ಹೌದು”, ಮಾವ ಹೇಳಿದರೂ “ಹೌದು”. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

ಹೀಗಿರುವಾಗ ಒಂದು ಭಾನುವಾರ, ಕಟ್ಟಡದ ಸಂಘದ ಕೋಣೆಗೆ ಬಣ್ಣ ಬಳಿಸಲೆಂದು ಕಾರ್ಯದರ್ಶಿ ಕಪಾಟು ಸರಿಸಿದರು. ಅದರ ಹಿಂದಿನಿಂದ ಒಂದು ಡಿಸ್ಕು ಕೆಳಗೆ ಬಿತ್ತು. ಮೆಟ್ಟಿಲ ಮೇಲೆ ಸಿಕ್ಕ ಸೊಸೆಯ ಕೈಗೆ ಅದನ್ನು ಕೊಟ್ಟು, “ನಿಮ್ಮನೆಯವರ ಚೆಸ್ ಪಂದ್ಯ ಇದರಲ್ಲಿದೆ ಅನ್ಸುತ್ತೆ. ನೋಡಿ ವಾಪಸ್ ಕೊಡಿ,” ಎಂದರು.

ಸೊಸೆ ಖುಷಿಯಿಂದ ಅದನ್ನು ತಂದು ಊಟದ ಮೇಜಿನ ಮೇಲಿಟ್ಟಳು.

“ಏನಮ್ಮ ಅದು?” ಎಂದರು ಅತ್ತೆ.

“ನೀವಿಬ್ರೂ ಕಾಯ್ತಿದ್ದ ವಿಡಿಯೊ.”

ಮನೆಯಲ್ಲಿ ಹಬ್ಬದ ಗದ್ದಲ ಏಳುತ್ತದೆಂದು ಅವಳು ತಿಳಿದಿದ್ದಳು. ಅತ್ತೆ ನೀರಿನ ಲೋಟ ಎತ್ತಿ, ಕುಡಿಯದೆ ಕೆಳಗಿಟ್ಟರು. ವೈರ್ ಮಾವನಿಗೆ ತುತ್ತು ನೆತ್ತಿಗೇರಿತು.

“ಒಳ್ಳೇದಾಯ್ತು,” ಎಂದರು ಕೆಮ್ಮು ನಿಂತ ಮೇಲೆ.

“ಬಹಳ ಒಳ್ಳೇದಾಯ್ತು,” ಎಂದರು ಅತ್ತೆ.

ಆದರೆ ನೋಡುವುದು ಯಾವುದರಲ್ಲಿ? ಮನೆಯ ಕಂಪ್ಯೂಟರಿಗೆ ಡಿಸ್ಕ್ ಹಾಕುವ ಡ್ರೈವೇ ಇರಲಿಲ್ಲ. ಈಗ ಯಾರು ಡಿಸ್ಕ್ ಹಾಕುತ್ತಾರೆಂದು ಗಂಡ ಅದಿಲ್ಲದೆಯೇ ಜೋಡಿಸಿ ತಂದಿದ್ದ. ಈಗ ಡ್ರೈವೊಂದನ್ನು ಹೊಂದಿಸಬೇಕಲ್ಲ ಎಂದು ಕೇಳಿದಾಗ ಅವನು ಬೆರಳು ಮಡಚಿ ವಿವರಿಸಿದ. ಒಂದು, ಹಳೇ ಕಾಲದ ಐಡಿಇ, ಅಂಗೈಯಗಲದ ಪಟ್ಟಿ ವೈರಿನದು. ಇನ್ನೊಂದು ಸಾಟಾ, ತೆಳ್ಳನೆ ವೈರು, ಅದೂ ಪೆಟ್ಟಿಗೆಯ ಒಳಗೇ ಕೂರುವಂಥದ್ದು. ಮತ್ತೊಂದು ಯುಎಸ್‌ಬಿ, ಹೊರಗಿನಿಂದ ಚುಚ್ಚಿದರೆ ಸಾಕು.

“ಯಾವುದು ತರೋಣ?” ಎಂದಳು ಸೊಸೆ.

“ಎಲ್ಲಾನೂ ಒಳ್ಳೇದೇ,” ಎಂದ ಗಂಡ.

ವೈರಿನ ಮಾತು ಬಂದ ಮೇಲೆ ವೈರ್ ಮಾವ ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲ. ಅವರು ಗಂಟಲು ಸರಿಮಾಡಿಕೊಂಡರು.

“ನೋಡಮ್ಮ, ಹಳೇ ಡಿಸ್ಕಿಗೆ ಹಳೇ ವೈರೇ ಆಗಬೇಕು. ಆ ಕಾಲದ ಚಿತ್ರ ಅಗಲವಾದ ವೈರಲ್ಲಿ ಹರಿದು ಅಭ್ಯಾಸ. ತೆಳ್ಳನೆ ವೈರಿಗೆ ಬಿಟ್ರೆ ಸಿಕ್ಕಿಹಾಕ್ಕೊಳ್ಳುತ್ತೆ. ನನ್ನ ಅಟ್ಟದ ಮೇಲೆ ಒಂದು ಐಡಿಇ ಡ್ರೈವಿದೆ. ತಂದ್ಕೊಡ್ತೀನಿ.”

ಸೊಸೆ ನಂಬಿದಳು. ವೈರ್ ಮಾವ ಡ್ರೈವನ್ನು ಬಟ್ಟೆಯಲ್ಲಿ ಒರೆಸಿ, ಮಗುವನ್ನು ಎತ್ತಿ ತರುವಂತೆ ತಂದರು. ಮಧ್ಯಾಹ್ನ ಗಂಡ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿದ. ಸೊಸೆ ಟಾರ್ಚ್ ಹಿಡಿದಳು. ಮೂಲೆ ಮೂಲೆ ಹುಡುಕಿದರೂ ಆ ಅಗಲದ ಪಟ್ಟಿ ಕೂರುವಂಥ ಸಾಕೆಟ್ ಬೋರ್ಡಿನ ಮೇಲೆ ಇರಲಿಲ್ಲ.

“ಛೆ,” ಎಂದರು ವೈರ್ ಮಾವ. ಅಷ್ಟು ಸಂತೋಷದ ‘ಛೆ’ಯನ್ನು ಸೊಸೆ ಅಲ್ಲಿಯವರೆಗೆ ಕೇಳಿರಲಿಲ್ಲ. “ಇನ್ನು ಬೋರ್ಡೇ ಬದಲಾಯಿಸಬೇಕು. ಅಷ್ಟೆಲ್ಲ ತಾಪತ್ರಯ ಯಾಕೆ, ಬಿಟ್ಹಾಕು.”

ಮರುದಿನ ಸೊಸೆ ಕೆಲಸಕ್ಕೆ ಹೊರಟಾಗ ಅತ್ತೆ ಬಾಗಿಲಲ್ಲಿ ತಡೆದರು.

“ಅವನ ಮಾತು ಕಟ್ಕೊಂಡ್ರೆ ಕೆಲಸ ಕೆಟ್ಟಂತೆ. ನಿನ್ನ ಗಂಡ ಆ ತೆಳ್ಳನೆ ವೈರಿಂದು ಹೇಳಿದ್ನಲ್ಲ, ಸಾಟಾ, ಅದನ್ನೇ ತಗೋ. ಅಚ್ಚುಕಟ್ಟಾಗಿ ಒಳಗೇ ಕೂರುತ್ತೆ. ಬೇರೆ ಏನೂ ಬೇಡ.”

ಸೊಸೆ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಮಧ್ಯಾಹ್ನದ ಬಿಡುವಿನಲ್ಲಿ ಎದುರು ರಸ್ತೆಯ ಕಂಪ್ಯೂಟರ್ ಅಂಗಡಿಗೆ ಹೋದಳು. ಅಂಗಡಿಯಾಕೆ ಕೌಂಟರಿನ ಹಿಂದೆ ಬನ್ನು ತಿನ್ನುತ್ತ ಕೂತಿದ್ದಳು.

“ಸಾಟಾ ಡ್ರೈವ್ ಇದೆ, ಕೊಡ್ತೀನಿ. ನಿಮ್ಮ ಕಂಪ್ಯೂಟರಿನ ಮುಂಭಾಗ ಹೇಗಿದೆ? ಡ್ರೈವ್ ಕೂರೋಕೆ, ಟ್ರೇ ಹೊರಗೆ ಬರೋಕೆ ಕಿಂಡಿ ಇದೆಯಾ?”

ಸೊಸೆ ತಗಡು ಬಿಚ್ಚಿದ ದಿನ ಒಳಗಿನದೂ ಹೊರಗಿನದೂ ಫೋನಿನಲ್ಲಿ ತೆಗೆದಿಟ್ಟಿದ್ದ ಚಿತ್ರಗಳನ್ನು ತೋರಿಸಿದಳು. ಮುಂಭಾಗವಿಡೀ ಒಂದೇ ಹಾಳೆಯಂಥ ಕಪ್ಪು ಗಾಜು.

“ಬೋರ್ಡಲ್ಲಿ ಸಾಟಾ ಸಾಕೆಟ್ ಇದೆ. ಆದರೆ ಡ್ರೈವನ್ನ ಎಲ್ಲಿ ಕೂರಿಸ್ತೀರಿ? ನಿಮ್ಮ ತೊಡೆ ಮೇಲಾ?”

ಇಬ್ಬರೂ ನಕ್ಕರು. ಹಾಗೇ ಮಾತಿಗೆ ಮಾತು ಬಂದು ಸೊಸೆ ಕೇಳಿದಳು: “ಹಳೇ ಡಿಸ್ಕಿಗೆ ಹಳೇ ವೈರೇ ಬೇಕಂತಲ್ಲ, ಹೌದಾ?”

“ಯಾರು ಹೇಳಿದ್ದು? ತನ್ನನ್ನ ಯಾವ ವೈರಿಗೆ ಕಟ್ಟಿದಾರೆ ಅಂತ ಡಿಸ್ಕಿಗೇನು ಗೊತ್ತು? ತಿರುಗು ಅಂದ್ರೆ ತಿರುಗುತ್ತೆ.”

ಸೊಸೆ ತನ್ನ ಅಂಗಡಿಗೆ ಮರಳಿದಳು. ಕೆಲಸದ ನಡುವೆಯೂ ಮನಸ್ಸಿನಲ್ಲಿ ಏನೋ ಕೊರೆಯುತ್ತಿತ್ತು. ಆ ಕಪ್ಪು ಗಾಜನ್ನು ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಒರೆಸುವವರು ಅತ್ತೆಯೇ. ಅದರಲ್ಲಿ ಕಿಂಡಿ ಇಲ್ಲವೆಂಬುದು ಅವರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರಬೇಕು?

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅವಳು ಹೇಳಿದಳು: “ಐಡಿಇಗೆ ಸಾಕೆಟ್ ಇಲ್ಲ, ಸಾಟಾಗೆ ಜಾಗ ಇಲ್ಲ. ಇನ್ನು ಉಳಿದಿದ್ದು ಯುಎಸ್‌ಬಿ. ನಾಳೆ ತಂದ್ಬಿಡ್ತೀನಿ.”

“ಯುಎಸ್‌ಬಿ ಬೇಡಮ್ಮ,” ಎಂದರು ವೈರ್ ಮಾವ. “ಅದರಲ್ಲಿ ಬರೋ ಕರೆಂಟು ಸೊಳ್ಳೆಗೆ ಸಾಲಲ್ಲ. ಡಿಸ್ಕು ಅರ್ಧಂಬರ್ಧ ತಿರುಗಿ ಗೀರು ಬೀಳುತ್ತೆ. ಸಿಕ್ಕಿದ ಒಂದೇ ಒಂದು ಡಿಸ್ಕು, ಅದೂ ಹಾಳಾದ್ರೆ?”

“ತಮ್ಮ ಹೇಳೋದು ಸರಿ,” ಎಂದರು ಅತ್ತೆ.

ಗಂಡನ ಚಮಚ ತಟ್ಟೆಗೂ ಬಾಯಿಗೂ ನಡುವೆ ನಿಂತಿತು. ಹುಟ್ಟಿದ ಲಾಗಾಯ್ತು ಆ ಮಾತನ್ನು ಅವನು ಅಮ್ಮನ ಬಾಯಲ್ಲಿ ಕೇಳಿರಲಿಲ್ಲ. ವೈರ್ ಮಾವನಿಗೇ ಗಾಬರಿಯಾಗಿ ಅಕ್ಕನ ಮುಖ ನೋಡಿದರು.

“ಕರೆಂಟಿನ ವಿಷಯ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?” ಎಂದು ಅತ್ತೆ ಇನ್ನೂ ಒಂದು ಮಾತು ಸೇರಿಸಿದರು. ಅದು ಅತಿಯಾಯಿತು.

ಸೊಸೆ ತಲೆ ತಗ್ಗಿಸಿ ಊಟ ಮುಂದುವರಿಸಿದಳು. ಅವಳಿಗೆ ತನ್ನ ಅಂಗಡಿಗೆ ಬರುವ ಒಂದು ಬಗೆಯ ಗಿರಾಕಿಗಳು ನೆನಪಾದರು. ಕಣ್ಣು ಮಂಜಾದರೂ ಒಪ್ಪಿಕೊಳ್ಳಲು ಮನಸ್ಸಿಲ್ಲದವರು. ಅವರು ಅಕ್ಷರದ ಹಲಗೆಯನ್ನು ದೂರುತ್ತಾರೆ: ಬೆಳಕು ಸಾಲದು, ಕುರ್ಚಿ ದೂರವಾಯಿತು, ಬರೆದವನಿಗೆ ಅಕ್ಷರ ಬರುವುದಿಲ್ಲ. ಅಂಥವರ ಜೊತೆ ವಾದಕ್ಕಿಳಿಯಬಾರದು. ಅವರ ಮಾತನ್ನೇ ಒಪ್ಪಿಕೊಂಡು ಒಂದು ಹೆಜ್ಜೆ ಮುಂದೆ ಹೋಗಬೇಕು.

“ನೀವಿಬ್ರೂ ಹೇಳಿದ ಮೇಲೆ ಮುಗೀತು,” ಎಂದಳು ಸೊಸೆ. “ಯಾವ ವೈರೂ ಬೇಡ. ನಾಳೆ ಬೆಳಿಗ್ಗೆ ಡಿಸ್ಕನ್ನ ಕಾರ್ಯದರ್ಶಿಗೆ ವಾಪಸ್ ಕೊಟ್ಬಿಡ್ತೀನಿ. ಶನಿವಾರ ಸಂಘದ ಸಭೆ ಇದೆಯಂತೆ. ಅಲ್ಲಿ ಡಿಸ್ಕ್ ಹಾಕೋ ಪ್ಲೇಯರಿದೆ, ಗೋಡೆಯಗಲದ ಪರದೆ ಇದೆ. ಎಲ್ಲರೂ ಒಟ್ಟಿಗೇ ಕೂತು ನೋಡೋಣ. ಊರಿಗೆಲ್ಲ ತೋರಿಸ್ತೀನಿ ಅಂತ ಅತ್ತೇನೂ ಎಷ್ಟು ಸಲ ಹೇಳಿದಾರೆ, ಪಾಪ.”

ಸಂಘದ ಸಭೆ ಇದ್ದದ್ದು ನಿಜ. ಪ್ಲೇಯರು, ಪರದೆಗಳನ್ನು ಸೊಸೆ ಕೂತಲ್ಲೇ ಹುಟ್ಟಿಸಿದ್ದಳು.

ಮೊದಲು ಬಾಯಿಬಿಟ್ಟವರು ವೈರ್ ಮಾವ.

“ಯುಎಸ್‌ಬಿ ಅಂದ್ರೆ ಹೊಸಾದಾ?”

“ಹೊಸಾದೇ ಮಾವ.”

“ಹೊಸಾದಾದ್ರೆ ತೊಂದರೆ ಇಲ್ಲ. ನಾನು ಹೇಳಿದ್ದು ಹಳೇ ಯುಎಸ್‌ಬಿ ವಿಷಯ.”

“ಮನೆ ವಿಷಯ ಮನೇಲೇ ನೋಡೋದು ಚೆಂದ,” ಎಂದರು ಅತ್ತೆ. “ಸಭೇಲಿ ಪಾಪ, ಜನಕ್ಕೆ ನೀರಿನ ಸಮಸ್ಯೆ, ಲಿಫ್ಟಿನ ಸಮಸ್ಯೆ ಮಾತಾಡೋದಿರುತ್ತೆ.”

“ಹೌದು,” ಎಂದ ಗಂಡ. ಈ ಸಲ ಅದು ಎಲ್ಲರಿಗೂ ಹೊಂದಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವರು ಒಬ್ಬರಲ್ಲ, ಇಬ್ಬರು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವಾಗ ಸೊಸೆಗೆ ನಗು ತಡೆಯಲಾಗದೆ ನಲ್ಲಿಯನ್ನು ಜೋರಾಗಿ ತಿರುಗಿಸಬೇಕಾಯಿತು. ಒಬ್ಬರೇ ಹಿಂಜರಿದಿದ್ದರೆ ಅರ್ಥವಾಗುತ್ತಿತ್ತು. ಇಬ್ಬರಿಗೂ ಯಾಕೆ ಭಯ? ಕುದುರೆ ಕಳೆದುಕೊಂಡವರಿಗೂ ಭಯ, ಕದ್ದವರಿಗೂ ಭಯವೆಂದರೆ ಇದು ಬರೀ ಕುದುರೆಯ ವಿಷಯವಲ್ಲ.

ಡ್ರೈವು ಬಂತು. ಪುಸ್ತಕದಷ್ಟು ತೆಳ್ಳಗೆ, ಅಂಗೈ ಮೇಲೆ ಕೂರುವಂಥದ್ದು. ಶನಿವಾರ ಸಂಜೆ ಗಂಡ ಸಭೆಗೆ ಹೋಗದೆ ಮನೆಯಲ್ಲೇ ಉಳಿದ. ವೈರ್ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೋರ್ಟಿಗೆ ಹೋಗುವವರಂತೆ ಕೆಳಗಿಳಿದು ಬಂದರು. ಅತ್ತೆ ಎಲ್ಲರಿಗೂ ಚಹಾ ಕೊಟ್ಟರು, ವೈರ್ ಮಾವನಿಗೆ ಸಕ್ಕರೆ ಎರಡು ಸಲ ಹಾಕಿದರು.

ಸೊಸೆ ವೈರನ್ನು ಕಂಪ್ಯೂಟರಿನ ನೆತ್ತಿಯ ಮೇಲಿನ ಯುಎಸ್‌ಬಿ ಕಿಂಡಿಗೆ ಚುಚ್ಚಿ ಡಿಸ್ಕ್ ಹಾಕಿದಳು. ಡ್ರೈವು ಟಿಕ್ ಟಿಕ್ ಎಂದು, ಒಮ್ಮೆ ನಿಟ್ಟುಸಿರಿಟ್ಟು ಸುಮ್ಮನಾಯಿತು.

“ಕರೆಂಟ್ ಸಾಲ್ತಿಲ್ಲ,” ಎಂದರು ವೈರ್ ಮಾವ. ಅವರ ಮುಖಕ್ಕೆ ರಕ್ತ ಮರಳಿತು. “ನಾನು ಹೇಳಿರಲಿಲ್ವಾ?”

ಅವರು ಹೇಳಿದ್ದು ನಿಜವಾಗಿತ್ತು. ಸುಳ್ಳು ಹೇಳಲು ಹೋದವರ ಬಾಯಲ್ಲೂ ಒಮ್ಮೊಮ್ಮೆ ನಿಜ ಬಂದುಬಿಡುತ್ತದೆ. ಆದರೆ ಆ ವೈರಿಗೆ ಇನ್ನೊಂದು ಪುಟ್ಟ ಕವಲಿತ್ತು. ಒಂದರಲ್ಲಿ ಕರೆಂಟು ಸಾಲದಿದ್ದರೆ ಎರಡನ್ನೂ ಚುಚ್ಚಿ ಎಂದು ಅಂಗಡಿಯಾಕೆ ಹೇಳಿಕೊಟ್ಟಿದ್ದಳು. ಸೊಸೆ ಮೇಜಿನ ಕೆಳಗೆ ತೂರಿ, ಎರಡನ್ನೂ ಹಿಂದುಗಡೆಯ ಕಿಂಡಿಗಳಿಗೆ ಚುಚ್ಚಿದಳು. ಡ್ರೈವು ಗುಂಯ್ ಎಂದು ತಿರುಗತೊಡಗಿತು. ವೈರ್ ಮಾವ ಚಹಾ ಲೋಟ ಕೆಳಗಿಟ್ಟರು.

ಪರದೆಯ ಮೇಲೆ ಸಭಾಂಗಣ ಕಂಡಿತು. ಸಾಲು ಕುರ್ಚಿಗಳು, ಬಣ್ಣದ ಕಾಗದದ ತೋರಣ, ಎಲ್ಲರ ತಲೆಯಲ್ಲೂ ಕಪ್ಪು ಕೂದಲು. ಮೇಜಿನ ಒಂದು ಬದಿಗೆ ತೆಳ್ಳನೆಯ ಅತ್ತೆ, ಇನ್ನೊಂದು ಬದಿಗೆ ಇನ್ನೂ ತೆಳ್ಳನೆಯ ವೈರ್ ಮಾವ. ನಡುವೆ ಎತ್ತರದ ಕುರ್ಚಿಯಲ್ಲಿ ತೀರ್ಪುಗಾರರು, ಫೋಟೋದ ಅದೇ ಮೀಸೆ. ಆದರೆ ಇಲ್ಲಿ ಆ ಮೀಸೆ ಅಲುಗುತ್ತಿತ್ತು.

ಆಟ ನಿಧಾನವಾಗಿ ಸಾಗಿತು. ಅತ್ತೆ ತಮ್ಮನ ಒಂದು ಆನೆಯನ್ನು ಹೊಡೆದು ಪಕ್ಕಕ್ಕಿಟ್ಟರು. ಆಮೇಲೆ ಸಭೆಯಲ್ಲಿದ್ದ ಯಾರನ್ನೋ ಮಾತಾಡಿಸಲು ಹಿಂದಕ್ಕೆ ತಿರುಗಿದರು. ಆಗ ಪರದೆಯ ಮೇಲಿನ ವೈರ್ ಮಾವ ಮೈಮುರಿಯುವಂತೆ ಕೈ ಚಾಚಿದರು. ಕೈ ಹಿಂದಕ್ಕೆ ಬರುವಷ್ಟರಲ್ಲಿ ಸತ್ತ ಆನೆ ಹಲಗೆಯ ಮೂಲೆಯಲ್ಲಿ ಎದ್ದು ನಿಂತಿತ್ತು.

ಅತ್ತೆ ಕುರ್ಚಿಯ ಕೈ ಹಿಡಿದರು. “ಆನೆ,” ಎಂದರು. “ನೀನು ನನ್ನ ಕಣ್ಣೆದುರಿಗೇ ಆನೆ ಎಬ್ಬಿಸಿದೀಯ.”

“ಕಣ್ಣೆದುರಿಗಲ್ಲ, ನೀನು ತಿರುಗಿದ್ದೆ,” ಎಂದರು ವೈರ್ ಮಾವ ಸಣ್ಣ ದನಿಯಲ್ಲಿ.

“ಇಷ್ಟು ವರ್ಷ ಕುದುರೆ ಕುದುರೆ ಅಂತ ಅತ್ತವನು ನೀನು?”

“ಅಮ್ಮ, ಸ್ವಲ್ಪ ಇರು,” ಎಂದ ಗಂಡ. ಅವನು ಪರದೆಯಿಂದ ಕಣ್ಣು ಕಿತ್ತಿರಲಿಲ್ಲ. “ಇನ್ನೂ ಇದೆ.”

ಪರದೆಯ ಮೇಲಿನ ಅತ್ತೆ ಸೆಕೆಯಾದವರಂತೆ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು. ಕರವಸ್ತ್ರ ಜಾರಿ ಹಲಗೆಯ ಅಂಚಿಗೆ ಬಿತ್ತು. ಎದುರಿಗೆ ವೈರ್ ಮಾವ ಚಹಾ ತಂದವರ ಕಡೆ ನೋಡುತ್ತಿದ್ದರು. ಅತ್ತೆ ಕರವಸ್ತ್ರವನ್ನು ಎತ್ತಿಕೊಂಡರು. ಅದರ ಜೊತೆಗೆ ಕುದುರೆಯೂ ಹೋಯಿತು. ಎಂಥ ಪಳಗಿದ ಕೈ ಎಂದರೆ, ಪರೀಕ್ಷಾ ಕೋಣೆಯಲ್ಲಿ ಅಂಥ ಹುಡುಗಿ ಸಿಕ್ಕಿದ್ದರೆ ಅತ್ತೆಗೂ ಹಿಡಿಯಲು ಆಗುತ್ತಿರಲಿಲ್ಲ.

ವೈರ್ ಮಾವ ಏನೋ ಹೇಳಲು ಬಾಯಿ ತೆರೆದರು. ಆನೆ ನೆನಪಾಗಿ ಮುಚ್ಚಿಕೊಂಡರು.

ಆಗಲೇ ಸೊಸೆ, “ಮಾವನವರನ್ನ ನೋಡಿ,” ಎಂದಳು.

ಅಲ್ಲಿಯವರೆಗೆ ಯಾರೂ ತೀರ್ಪುಗಾರರನ್ನು ಗಮನಿಸಿರಲಿಲ್ಲ. ಗಂಡ ವಿಡಿಯೊವನ್ನು ಹಿಂದಕ್ಕೆ ಓಡಿಸಿದ. ಆನೆ ಎದ್ದು ನಿಂತಾಗ ಅವರ ಹುಬ್ಬು ಮೇಲೇರಿತ್ತು. ಏನೋ ಹೇಳಲು ಹೊರಟವರು ಹೆಂಡತಿಯ ಕಡೆ ನೋಡಿ ತಡೆದಿದ್ದರು. ಕರವಸ್ತ್ರ ಬಿದ್ದಾಗ ಕತ್ತು ಚಾಚಿದ್ದರು. ಕುದುರೆ ಹೋದ ಮೇಲೆ ಮೀಸೆಯ ಮೇಲೆ ಬೆರಳಾಡಿಸಿ, ನೇರವಾಗಿ ಕ್ಯಾಮೆರಾ ಕಡೆ ತಿರುಗಿ, ಬಹಳ ನಿಧಾನವಾಗಿ ಒಂದು ಕಣ್ಣು ಮಿಟುಕಿಸಿದ್ದರು.

ಕೊನೆಯಲ್ಲಿ ಅವರು ಎದ್ದು ನಿಂತು, ಹೆಂಡತಿಯ ಕೈಗೆ ಕಪ್ಪು ಕೊಟ್ಟು, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ಸಭೆಗೆ ಹೇಳಿದರು: “ಇಷ್ಟು ನ್ಯಾಯವಾಗಿ ನಡೆದ ಆಟವನ್ನು ನಾನು ಜೀವಮಾನದಲ್ಲಿ ನೋಡಿಲ್ಲ.”

ಸೊಸೆ ಮಾವನವರ ದನಿ ಕೇಳಿದ್ದು ಅದೇ ಮೊದಲು. ಗಂಡನ ದನಿಯದೇ ಅಚ್ಚು. ಅವಳಿಗೆ ನಗು ಉಕ್ಕಿ ಬಂತು. ನಗಬಹುದೋ ಬಾರದೋ ಎಂದು ಅತ್ತೆಯ ಕಡೆ ನೋಡಿದಳು.

“ಎಲ್ಲಾ ಗೊತ್ತಿತ್ತು ಆ ಮನುಷ್ಯನಿಗೆ,” ಎಂದರು ಅತ್ತೆ. “ನಾನು ಕಪ್ಪು ಉಜ್ಜೋವಾಗೆಲ್ಲ ಬಂದು ನಿಂತ್ಕೊಂಡು, ‘ಇನ್ನೂ ಸ್ವಲ್ಪ ಉಜ್ಜು, ಒಂದು ಕಲೆ ಉಳಿದಿದೆ’ ಅನ್ನೋರು. ನಾನು ಉಜ್ಜಿದ್ದೇ ಉಜ್ಜಿದ್ದು.”

“ನನಗೂ ಹೇಳೋರು ಭಾವ,” ಎಂದರು ವೈರ್ ಮಾವ. “ನಾನು ಕುದುರೆ ವಿಷಯ ತೆಗೆದಾಗೆಲ್ಲ ಹೆಗಲ ಮೇಲೆ ಕೈ ಹಾಕಿ, ‘ಕುದುರೆ ಹೋದ್ರೇನಯ್ಯ, ನಿನ್ನ ಹತ್ರ ಆನೆಗಳಿಗೇನು ಕಮ್ಮಿ’ ಅನ್ನೋರು. ಏನೋ ಹೊಗಳ್ತಿದಾರೆ ಅಂದ್ಕೊಂಡಿದ್ದೆ.”

ಈಗ ಸೊಸೆ ನಕ್ಕೇಬಿಟ್ಟಳು. ಗಂಡನೂ ನಕ್ಕ. ಆಮೇಲೆ ವೈರ್ ಮಾವ, ಅವರ ಹಿಂದೆಯೇ ಅತ್ತೆ. ಅತ್ತೆಯ ನಗು ಎಲ್ಲರಿಗಿಂತ ಹೆಚ್ಚು ಹೊತ್ತು ನಡೆಯಿತು. ನಡುವೆ ಎಲ್ಲೋ ಅದು ಬೇರೆ ಏನೋ ಆಗಿ, ಅವರು ಕನ್ನಡಕ ತೆಗೆದರು.

“ಅವರ ಮೈಮೇಲಿರೋ ಆ ಅಂಗಿ ನಾನು ಹೊಲಿದಿದ್ದು,” ಎಂದರು. “ಕಾಲರ್ ಒಂದು ಕಡೆ ಮೇಲಾಗಿತ್ತು. ಬಿಚ್ಚಿ ಸರಿ ಮಾಡ್ತೀನಿ ಅಂದ್ರೆ ಬಿಡಲಿಲ್ಲ. ಹಾಗೇ ಹಾಕ್ಕೊಂಡು ಊರೆಲ್ಲ ತಿರುಗಿದ್ರು.”

ವೈರ್ ಮಾವ ಕರವಸ್ತ್ರ ತೆಗೆದು ಅಕ್ಕನ ಕಡೆ ಚಾಚಿದರು. ಅವರು ಅದನ್ನು ನೋಡಿ, ತಮ್ಮನನ್ನು ನೋಡಿ, “ಕರವಸ್ತ್ರದ ತಮಾಷೆ ಇಷ್ಟು ಬೇಗ ಬೇಡ,” ಎಂದು ತೆಗೆದುಕೊಂಡು ಮೂಗು ಒರೆಸಿಕೊಂಡರು.

ಸೋಮವಾರ ಬೆಳಿಗ್ಗೆ ಸೊಸೆ ಕೆಲಸಕ್ಕೆ ಹೊರಡುವ ಹೊತ್ತಿಗೆ ಅತ್ತೆ ಆಗಲೇ ಕಂಪ್ಯೂಟರ್ ಮುಂದೆ ಕೂತಿದ್ದರು.

“ಅವರು ಕಣ್ಣು ಹೊಡೀತಾರಲ್ಲ, ಅಲ್ಲಿಗೆ ನಿಲ್ಲಿಸೋದು ಹೇಗೆ ಹೇಳಿಕೊಡು.”

ಸೊಸೆ ಹೇಳಿಕೊಟ್ಟಳು. ಕೀಬೋರ್ಡಿನ ಉದ್ದನೆಯ ಗುಂಡಿ ಒತ್ತಿದರೆ ನಿಲ್ಲುತ್ತದೆ, ಮತ್ತೆ ಒತ್ತಿದರೆ ಓಡುತ್ತದೆ. ಅತ್ತೆ ಎರಡು ಮೂರು ಸಲ ಒತ್ತಿ ನೋಡಿ ತಲೆಯಾಡಿಸಿದರು. ಅಷ್ಟರಲ್ಲಿ ವೈರ್ ಮಾವ ಬಾಗಿಲಲ್ಲಿ ಕಾಣಿಸಿಕೊಂಡರು. ಯುಎಸ್‌ಬಿ ವೈರು ಸಡಿಲವಾಗಿದೆಯೋ ಏನೋ ನೋಡಿ ಹೋಗೋಣವೆಂದು ಬಂದೆ ಎಂದರು. ವೈರನ್ನು ಮುಟ್ಟಲೂ ಇಲ್ಲ, ಇನ್ನೊಂದು ಕುರ್ಚಿ ಎಳೆದುಕೊಂಡು ಕೂತರು.

ಸೊಸೆ ಚಪ್ಪಲಿ ಮೆಟ್ಟುವಾಗ ಒಳಗಿನಿಂದ ಮಾತು ಕೇಳಿಸಿತು.

“ನೋಡು, ಮೊದಲು ಮೋಸ ಮಾಡಿದ್ದು ನೀನು. ಆನೆ ಮೊದಲು, ಕುದುರೆ ಆಮೇಲೆ.”

“ಅದಕ್ಕೂ ಮುಂಚೆ ನೀನು ಏನೋ ಮಾಡಿದೀಯಕ್ಕ. ಆ ಎಡಗೈ ನೋಡು. ಹಿಂದಕ್ಕೆ ಓಡಿಸು, ತೋರಿಸ್ತೀನಿ.”

“ಹಿಂದಕ್ಕೆ ಓಡಿಸೋದು ಹೇಗೆ?”

“ಅದು ನಿನ್ನ ಸೊಸೆಗೆ ಗೊತ್ತು. ಕರಿ ಅವಳನ್ನ.”

ಸೊಸೆ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು, ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದಳು.